ಒಂದು ಮೊರ ಜೋಳದ ಮಗಳು

ಸಹಾಯ ಮಾಡುತ್ತೇವೆಂದು ಬರುವವರನ್ನು ಕಂಡರೆ ನನಗೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಜಗಳಕ್ಕೆ ಬಂದವರನ್ನು ನಿಭಾಯಿಸುವುದು ನನಗೆ ಗೊತ್ತು. ಬ್ಯಾಡಗಿ–ಹಾವೇರಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಮಾಡುವ ಹೆಂಗಸಿಗೆ ಜಗಳ ಹೊಸದಲ್ಲ. ಸೀಟಿಗಾಗಿ ಒಂದು, ಚಿಲ್ಲರೆಗಾಗಿ ಒಂದು, ಮೆಣಸಿನಕಾಯಿ ಚೀಲಕ್ಕೆ ಲಗೇಜ್ ಟಿಕೆಟ್ ಕೊಟ್ಟದ್ದಕ್ಕೆ ಇನ್ನೊಂದು. ಆದರೆ "ನಾವು ಅದೇವಲ್ಲ, ನೀ ಯಾಕ ಚಿಂತಿ ಮಾಡ್ತಿ?" ಎಂದುಕೊಂಡು ಮನೆಗೆ ಬರುವ ಮಂದಿಯನ್ನು ಏನು ಮಾಡುವುದು? ಬೈಯುವಂತಿಲ್ಲ, ಹೊರಗೆ ದಬ್ಬುವಂತಿಲ್ಲ. ಅಂಥವರೆಲ್ಲ ಸೇರಿ ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಕುಡಿಯುತ್ತ ನನ್ನ ಮಗಳನ್ನು ನನ್ನಿಂದ ದೂರ ಮಾಡಿಬಿಟ್ಟರು.

ಮಗಳು ಎಂದೆನಲ್ಲ, ಮೊದಲು ಅದನ್ನೇ ಬಿಡಿಸಿ ಹೇಳಬೇಕು. ನನ್ನ ತಂಗಿಯನ್ನು ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿಗೆ ಕೊಟ್ಟಿದ್ದೇವೆ. ಅವಳಿಗೆ ಹುಟ್ಟಿದ ಮೊದಲೆರಡು ಕೂಸುಗಳು ವರ್ಷ ತುಂಬುವ ಮೊದಲೇ ಹೋದವು. ಮಕ್ಕಳು ಉಳಿಯದ ಮನೆಗೆ ನಮ್ಮ ಕಡೆ ಒಂದು ಪದ್ಧತಿಯಿದೆ. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟು ಬರುತ್ತಾರೆ. ಬೇರೆ ಮನೆಯವರು ಯಾರೋ ಬಂದು, ನಮಗೊಂದು ಕೂಸು ಸಿಕ್ಕಿತು ಎಂದು ಎತ್ತಿಕೊಳ್ಳುತ್ತಾರೆ. ಆಮೇಲೆ ಹೆತ್ತವರು ಒಂದು ಮೊರ ಧಾನ್ಯ ಕೊಟ್ಟು ಅದನ್ನು ಕೊಂಡುಕೊಳ್ಳುತ್ತಾರೆ. ಇದು ಆ ಮನೆಯ ಕೂಸಲ್ಲ, ತಿಪ್ಪೆಯದು, ಕೊಂಡದ್ದು ಎಂದುಕೊಂಡು ಸಾವು ಮುಂದಿನ ಮನೆಗೆ ಹೋಗಲಿ ಎಂಬ ಲೆಕ್ಕ. ಸಾವು ಅಷ್ಟು ದಡ್ಡಿಯೇ ಎಂದು ನಾನು ಹರೆಯದಲ್ಲಿ ಅವ್ವನನ್ನು ಕೇಳಿ ಬೈಸಿಕೊಂಡದ್ದಿದೆ.

ಮೂರನೆಯದಾಗಿ ಹೆಣ್ಣು ಕೂಸು ಹುಟ್ಟಿತು. ತಂಗಿಯ ಪಕ್ಕದ ಮನೆಯ ಮುಸಲ್ಮಾನ ಮುದುಕಿ, ಓಣಿಗೆಲ್ಲ ಖಾಲಾ, ಅದನ್ನು ತಿಪ್ಪೆಯಿಂದ ಎತ್ತಿಕೊಂಡಳು. ಇನ್ನು ಹೆತ್ತವಳು ಕೊಳ್ಳಬೇಕು. ತಂಗಿ ಒಪ್ಪಲಿಲ್ಲ. ಬಾಣಂತಿ ಕೋಣೆಯಲ್ಲೇ ನನ್ನ ಸೆರಗು ಹಿಡಿದು, "ನಾ ಕೊಂಡ್ರ ಮತ್ತ ನಂದs ಆಗ್ತೈತಿ ಅಕ್ಕಾ. ನೀ ಕೊಳ್ಳು. ನಿನ್ನ ಮನಿಗೆ ಒಯ್ಯಿ. ನಿನ್ನ ಮಗಳಾಗಿ ಬದಕ್ಲಿ" ಎಂದಳು. ನನಗೂ ಮದುವೆಯಾಗಿ ಎಷ್ಟೋ ವರ್ಷವಾಗಿ ಮಕ್ಕಳಿರಲಿಲ್ಲ. ತಂಗಿಯ ಗಂಡ ತಲೆಯಾಡಿಸಿದ, ನನ್ನ ಗಂಡ ತಲೆಯಾಡಿಸಿದ. ಓಣಿಯೆಲ್ಲ ನೋಡುತ್ತಿರುವಾಗ ನಾನು ಖಾಲಾಳ ಉಡಿಗೆ ಒಂದು ಮೊರ ಜೋಳ ಸುರಿದು ಕೂಸನ್ನು ಎತ್ತಿಕೊಂಡೆ. ಬ್ಯಾಡಗಿ ಮುಟ್ಟುವವರೆಗೂ ಬಸ್ಸಿನಲ್ಲಿ ಅದರ ಮುಖ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಆಮೇಲೆ ತಂಗಿಗೆ ಒಬ್ಬ ಮಗ ಹುಟ್ಟಿ ಗಟ್ಟಿಮುಟ್ಟಾಗಿ ಬೆಳೆದ. ಆದರೂ ಅವಳು ಹುಡುಗಿಯನ್ನು ಮರಳಿ ಕೇಳಲಿಲ್ಲ. ಕೇಳುವುದಿರಲಿ, ನನ್ನ ಮಗಳು ಎಂದು ಒಂದು ದಿನವೂ ಬಾಯಿತಪ್ಪಿ ಅನ್ನಲಿಲ್ಲ. "ನಿಮ್ಮ ಹುಡುಗಿ ಅರಾಮ ಅದಾಳೇನು?" ಎಂದು ಕೇಳುವಳು. ನಾವು ಊರಿಗೆ ಹೋದಾಗ ಹೋಳಿಗೆ ಮಾಡಿ ಬಡಿಸುವಳು, ಆದರೆ ಹುಡುಗಿಯ ತಲೆ ಬಾಚುವಳಲ್ಲ, ಮೈ ಮುಟ್ಟುವಳಲ್ಲ. ಹುಡುಗಿಗೆ ಎಲ್ಲ ಗೊತ್ತಿತ್ತು. ನಾವು ಮುಚ್ಚಿಟ್ಟವರಲ್ಲ. ನಾನು ಬೈದರೆ, "ಒಂದು ಮೊರ ಜೋಳಕ್ಕ ಇನ್ನೆಂಥಾ ಮಗಳು ಬರ್ತಾಳ ನಿನಗ?" ಎಂದು ನನ್ನನ್ನೇ ಕಾಡಿಸುವಳು.

ಅವಳು ಹೈಸ್ಕೂಲು ಸೇರುವಾಗ ತೊಡಕು ಶುರುವಾಯಿತು. ಹುಟ್ಟಿದ ದಾಖಲೆಯಲ್ಲಿ ತಂಗಿಯ ಹೆಸರು, ಆಧಾರಿನಲ್ಲಿ ನನ್ನದು. ಎರಡರಲ್ಲಿ ಯಾರು ತಾಯಿ ಎಂದು ಹೆಡ್‌ಮೇಡಂ ಕೇಳಿದರು. ಕೇಳಿದ್ದು ತಪ್ಪಲ್ಲ. ನಾನು ರಾಣೆಬೆನ್ನೂರಿನ ಒಬ್ಬ ಲಾಯರಮ್ಮನ ಹತ್ತಿರ ಹೋದೆ. ಚಿಕ್ಕ ವಯಸ್ಸು, ದೊಡ್ಡ ದನಿ. ಎಲ್ಲ ಕೇಳಿ ಆಕೆ ಅಂದದ್ದಿಷ್ಟು: "ದತ್ತಕಕ್ಕ ಕಾನೂನು ಕೇಳೋದು ಭಾಳ ಇಲ್ರಿ. ಕೊಡವ್ರು ಮನಸಾರೆ ಕೊಟ್ಟಿರಬೇಕು, ತೊಗೊಳ್ಳವ್ರು ತೊಗೊಂಡಿರಬೇಕು. ಅದು ಆಗೇತಿ. ಪತ್ರಾ ನೋಂದಣಿ ಮಾಡಿಸಿದ್ರ ಮುಗೀತು." ಇಷ್ಟು ಸರಳವೇ ಎಂದು ನಾನು ಆಕೆಗೆ ಕೈ ಮುಗಿದು ಬಂದೆ. ಸರಳವಾದದ್ದನ್ನು ಗೋಜಲು ಮಾಡಲು ನಮ್ಮವರಿದ್ದಾರೆ ಎಂಬುದನ್ನು ಮರೆತಿದ್ದೆ.

ಶಾಲೆಯವರು ನಿಯಮದಂತೆ ಹಾವೇರಿಗೆ ಬರೆದಿದ್ದರು. ಅಲ್ಲಿಂದ ಮಕ್ಕಳ ವಿಷಯ ನೋಡುವ ಒಬ್ಬ ಅಧಿಕಾರಿ ಮನೆ ನೋಡಲು ಬರುತ್ತಾರೆಂದು ತಿಳಿಯಿತು. ಕೂಸನ್ನು ಕೊಟ್ಟದ್ದನ್ನು ಕಣ್ಣಾರೆ ಕಂಡವಳು ಇರಲಿ ಎಂದು ಖಾಲಾಳನ್ನು ಕರೆಸಿದೆ. ಕರೆಯದೆಯೂ ನಮ್ಮ ಓಣಿಯ ಹೆಂಗಸರು ಬಂದು ಕಟ್ಟೆಯ ತುಂಬ ಕೂತರು. ಅಧಿಕಾರಿ ಸಂಭಾವಿತ ಮನುಷ್ಯ. ಚಹಾ ಕುಡಿದರು, ಹುಡುಗಿಯ ಅಭ್ಯಾಸದ ಮೇಜು ನೋಡಿದರು, ಒಳ್ಳೆಯ ಮನೆ ಎಂದರು. ಎದ್ದು ಹೊರಡುವ ಮುಂಚೆ ಸುಮ್ಮನೆ ಎಂಬಂತೆ ಖಾಲಾಳನ್ನು ಕೇಳಿದರು: "ನಿಮಗೇನು ಗೊತ್ತೈತಿ ಅಮ್ಮಾ?"

ಖಾಲಾ ಎದೆಯುಬ್ಬಿಸಿ ಕೂತಳು. "ನನಗs ಕೇಳ್ತೀರಿ? ಈ ಹುಡುಗೀನ ಮಾರಿದಾಕಿನs ನಾನ್ರಿ ಸಾಹೇಬ್ರ! ಒಂದು ಮೊರ ಜೋಳಕ್ಕ ಮಾರೇನಿ. ಇಕೀನs ಕೊಂಡಾಳ. ಅಲ್ಲಾನ ಆಣಿ, ಬಿಳೇ ಜೋಳ, ಒಂದು ಹರಳು ಇದ್ದಿದ್ದಿಲ್ಲ."

ಸಾಹೇಬರ ಪೆನ್ನು ನಿಂತಿತು. ನಾನು ಖಾಲಾಳ ಕಾಲು ತುಳಿದೆ. ಅಷ್ಟರಲ್ಲಿ ಕಟ್ಟೆಯ ಮೇಲಿನ ಸಹಾಯಕರಿಗೆ ಹುರುಪು ಬಂದಿತ್ತು. "ಹೌದ್ರಿ, ಖರೇ ಐತ್ರಿ. ಕೊಂಡದ್ದು ನಮ್ಮ ಓಣಿಗೆಲ್ಲಾ ಗೊತ್ತೈತಿ" ಎಂದು ಒಬ್ಬಳು. "ಬೇಕಾದ್ರ ನಾವೂ ಸಹಿ ಮಾಡ್ತೇವ್ರಿ" ಎಂದು ಇನ್ನೊಬ್ಬಳು. ಕುಪ್ಪೇಲೂರಿಗೆ ಕಾಲೇ ಇಡದವಳು ಕೂಡ ಜೋಳ ನೋಡಿದ್ದೆ ಎಂದಳು. ಮಾರುವುದು, ಕೊಳ್ಳುವುದು ಎಂದರೇನು ಎಂದು ನಾನು ವಿವರಿಸಲು ಹೋದೆ, ಅವಸರದಲ್ಲಿ ತಿಪ್ಪೆಯಿಂದ ಶುರುಮಾಡಿದೆ. ಕೂಸನ್ನು ತಿಪ್ಪೆಗೆ ಬೇರೆ ಎಸೆದಿದ್ದರೇ ಎಂದು ಅವರು ಅದನ್ನೂ ಬರೆದುಕೊಂಡರು.

ಜಿಲ್ಲೆಯ ಮಕ್ಕಳ ಸಮಿತಿಯ ಮುಂದೆ ಹುಡುಗಿಯನ್ನು ಹಾಜರುಪಡಿಸಿ ಎಂದು ಹೇಳಿಕಳಿಸಿದರು. ಮಗುವನ್ನು ಮಾರಿದ್ದೇವೆ, ಕೊಂಡಿದ್ದೇವೆ ಎಂದು ಮನೆಯವರೇ ಸಾಕ್ಷಿ ಸಮೇತ ಹೇಳಿದ ಮೇಲೆ ಕಾನೂನು ಕಣ್ಣು ಮುಚ್ಚಿಕೊಂಡು ಕೂಡುವುದಿಲ್ಲ. ಕೂಡಲೂಬಾರದು. ನಿಜವಾಗಿ ಮಾರಾಟವಾದ ಮಕ್ಕಳು ಇಲ್ಲವೇ? ಇದೆಲ್ಲ ನನಗೆ ಈಗ ಅರ್ಥವಾಗುತ್ತದೆ. ಆ ದಿನ ಮಾತ್ರ, ವಿಚಾರಣೆ ಮುಗಿಯುವವರೆಗೆ ಹುಡುಗಿ ಹಾವೇರಿಯ ಹೆಣ್ಣುಮಕ್ಕಳ ನಿಲಯದಲ್ಲಿ ಇರಲಿ ಎಂದು ಅವರು ಹೇಳಿದಾಗ, ಸಮಿತಿಯನ್ನೂ ಕಾನೂನನ್ನೂ ಖಾಲಾಳನ್ನೂ ಒಂದೇ ಉಸಿರಿನಲ್ಲಿ ಬೈದೆ. ನನ್ನ ಗಂಡ ಮಾತಿನಲ್ಲಿ ಬಲು ಜಿಪುಣ. ಅವನು ಹುಡುಗಿಯ ಚೀಲವನ್ನು ನಿಲಯದ ಗೇಟಿನವರೆಗೆ ಹೊತ್ತು ತಂದು, ಕೆಳಗಿಡದೆ ಹಾಗೇ ನಿಂತುಬಿಟ್ಟ. ಚೀಲವನ್ನು ಅವನ ಕೈಯಿಂದ ಬಿಡಿಸಿದವಳು ಹುಡುಗಿಯೇ.

ನನ್ನ ಬಸ್ಸು ದಿನವೂ ಹಾವೇರಿಗೆ ಹೋಗುತ್ತದೆ. ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣ ಬಂದಾಗಿನಿಂದ ಬಸ್ಸಿನ ತುಂಬ ಹೆಂಗಸರು, ಹೆಂಗಸರ ಬಾಯಿ ತುಂಬ ನನ್ನ ಸುದ್ದಿ. ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವವರು, ಸಂತೆಗೆ ಹೋಗುವವರು, ಕಾಗಿನೆಲೆಗೆ ದರ್ಶನಕ್ಕೆ ಹೊರಟವರು, ಎಲ್ಲರ ಹತ್ತಿರವೂ ಒಂದೊಂದು ಉಪಾಯ. ಒಬ್ಬಳ ಮೈದುನನಿಗೆ ದೊಡ್ಡವರ ಗುರುತಿದೆ. ಒಬ್ಬಳು ತಾಯತ ತಂದಳು. ಒಬ್ಬಳಂತೂ ಹಿಂದಿನ ಸೀಟಿನಿಂದ, "ಜೋಳಾ ಕೊಟ್ಟೇ ಇಲ್ಲಂತ ಹೇಳಿಬಿಡ ಯವ್ವಾ, ಯಾರ್ ನೋಡ್ಯಾರ?" ಎಂದು ಕೂಗಿದಳು. ಇಡೀ ಊರೇ ನೋಡಿದೆಯಲ್ಲ ತಾಯಿ ಎಂದೆ. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಖಾಲಾಳ ಸಹಾಯ ಇನ್ನೂ ಮುಗಿದಿರಲಿಲ್ಲ. ತನ್ನಿಂದಲೇ ಹೀಗಾಯಿತೆಂದು ಅವಳು ಊಟ ಬಿಟ್ಟಿದ್ದಳಂತೆ. ಒಂದು ದಿನ ಹಾವೇರಿ ನಿಲ್ದಾಣದಲ್ಲಿ ನೋಡುತ್ತೇನೆ, ರಾಣೆಬೆನ್ನೂರು ಬಸ್ಸಿನಿಂದ ಜೋಳದ ಚೀಲ ಇಳಿಸಿಕೊಂಡು ನಿಂತಿದ್ದಾಳೆ! ನಾನು ಕೂಗುವಷ್ಟರಲ್ಲಿ ಆಟೋ ಹತ್ತಿದಳು. ಆ ಸಾಹೇಬರ ಕಚೇರಿಗೆ ಹೋಗಿ, ಚೀಲವನ್ನು ಮೇಜಿನ ಬುಡಕ್ಕೆ ಇಟ್ಟು, "ಒಂದು ಮೊರ ತೊಗೊಂಡಿದ್ದೆ, ಒಂದು ಚೀಲಾ ತಂದೇನಿ. ಲೆಕ್ಕಾ ಮುಗೀತು. ಈಗ ಹುಡುಗೀನ ಬಿಡ್ರಿ" ಎಂದಳಂತೆ. ಅದೂ ದಾಖಲಾಯಿತು.

ಲಾಯರಮ್ಮ ಫೋನಿನಲ್ಲಿ ಚೀರಿದ ದನಿ ನನ್ನ ಡ್ರೈವರಿಗೂ ಕೇಳಿಸಿತು. "ಇನ್ನೊಂದು ಕಾಳು ಜೋಳಾ ಆ ಆಫೀಸಿನ್ಯಾಗ ಕಾಣಬಾರ್ದು! ದತ್ತಕಕ್ಕ ಏನರ ಕೊಡೂದು, ತೊಗೊಳ್ಳೂದು ಕಾನೂನಿನ್ಯಾಗ ಗುನ್ಹೆ ಐತಿ, ತಿಳೀತೇನ್ರಿ?" ಆಮೇಲೆ ಸ್ವಲ್ಪ ತಣ್ಣಗಾಗಿ ದಾರಿಯನ್ನೂ ಹೇಳಿದಳು. ಇಂಥ ಪದ್ಧತಿಯಲ್ಲಿ ಬದುಕಿದವರು ಒಬ್ಬಿಬ್ಬರು ಬಂದು ತಮ್ಮದೇ ಕತೆ ಹೇಳಲಿ. ಎಲ್ಲಕ್ಕಿಂತ ಮುಖ್ಯ, ಹೆತ್ತವಳು ಬರಬೇಕು. ಇದು ನಾನು ಹೆತ್ತ ಮಗಳು, ಅಕ್ಕನಿಗೆ ನಾನೇ ಕೊಟ್ಟೆ ಎಂದು ಅವಳ ಬಾಯಿಂದಲೇ ಸಮಿತಿ ಕೇಳಬೇಕು. ಅವಳು ಹೇಳದಿದ್ದರೆ ದಾಖಲೆಯಲ್ಲಿ ಅವಳ ಹೆಸರಿದ್ದರೂ ಹುಡುಗಿ ತಿಪ್ಪೆಗೆ ಬಿಟ್ಟ ಅನಾಥೆ, ನಾನು ಕೊಂಡವಳು, ಖಾಲಾ ಮಾರಿದವಳು.

ಆ ವಾರ ನಿಲಯಕ್ಕೆ ಭೇಟಿಗೆ ಹೋದಾಗ ಹುಡುಗಿ ನನ್ನನ್ನು ಕಾಡಿಸಲಿಲ್ಲ. ಅಲ್ಲಿನವರು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೂ ಅವಳು ಉಗುರು ಕಚ್ಚುತ್ತ ಕೂತು, "ಅವ್ವಾ, ಇಲ್ಲಿ ಹುಡುಗ್ಯಾರು ಎಲ್ಲಾರೂ ಕೇಳ್ತಾರ, ನೀ ಯಾಕ ಬಂದೀದಿ ಅಂತ. ನಾ ಏನಂತ ಹೇಳ್ಲಿ?" ಎಂದಳು. ಆಮೇಲೆ, "ಕುಪ್ಪೇಲೂರ ಚಿಕ್ಕವ್ವಗ ನಾ ಖರೇನs ಬ್ಯಾಡಾಗಿದ್ದೆನೇನು?" ಎಂದು ಕೇಳಿದಳು. ಇಷ್ಟು ವರ್ಷ ತಮಾಷೆಯಾಗಿದ್ದ ಮಾತು ಅವಳ ಗಂಟಲಲ್ಲಿ ಮುಳ್ಳಾಗಿ ಕೂತಿದೆ ಎಂದು ನನಗೆ ಆಗ ಗೊತ್ತಾಯಿತು. ನಾನು ಅಲ್ಲಿಂದಲೇ ಕುಪ್ಪೇಲೂರಿನ ಬಸ್ಸು ಹಿಡಿದೆ.

ತಂಗಿ ಅಂಗಳದಲ್ಲಿ ಗೋವಿನಜೋಳದ ತೆನೆ ಬಿಡಿಸುತ್ತಿದ್ದಳು. ವಿಷಯ ಹೇಳಿದೆ. ಅವಳು ತಲೆಯೆತ್ತಲಿಲ್ಲ. "ನಾ ಅನ್ನಾಂಗಿಲ್ಲ ಅಕ್ಕಾ. ಅಕಿ ನಂದಲ್ಲ."

"ನಿಂದಲ್ದ ಮತ್ಯಾರದ? ಹಡೆದಾಕಿ ನಾನೇನು?"

"ನಂದು ಅಂತ ನನ್ನ ಬಾಯಾಗ ಬಂದ ದಿನಾ ಅದು ಕೇಳಿಸ್ಕೊಂತೈತಿ. ಎರಡನ್ನ ನಂದು ನಂದು ಅಂತ ಎದಿಗೆ ಅವಚಿ ಕಳಕೊಂಡೇನಿ. ಇಕಿನ್ನ ಬಾಯಿ ಮುಚ್ಚಿ ಉಳಿಸೇನಿ. ಈಗ ಹೇಳು ಅಂತೀಯಲ್ಲ."

ನನಗೆ ರೇಗಿಹೋಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಮೂಢತನಕ್ಕೆ ಬೆಂಕಿ ಬೀಳಲಿ, ಅಲ್ಲಿ ಹುಡುಗಿ ತಾನು ಯಾರಿಗೂ ಬೇಡವಾದವಳೆಂದು ಉಗುರು ಕಚ್ಚುತ್ತ ಕೂತಿದ್ದಾಳೆ, ಆ ಕೂಸುಗಳಿಗೆ ಬಂದದ್ದು ಜ್ವರ, ನಿನ್ನ ಮಾತಲ್ಲ ಎಂದು ಕಿರುಚಿದೆ. ಅವಳು ತೆನೆ ಬಿಡಿಸುತ್ತಲೇ ಇದ್ದಳು. ನನ್ನ ದನಿಗೆ ಗೋಡೆಯಾಚೆಯಿಂದ ಖಾಲಾ ಬಂದಳು. ಇನ್ನು ಇವಳೇನು ಕೆಡಿಸುತ್ತಾಳೋ ಎಂದು ನಾನು ಹಣೆ ಹಿಡಿದುಕೊಂಡೆ. ಅವಳು ತಂಗಿಯ ಪಕ್ಕ ಕೂತು ತಾನೂ ಒಂದು ತೆನೆ ಕೈಗೆತ್ತಿಕೊಂಡಳು.

"ಸಾವಿಗೆ ಇಷ್ಟು ವರ್ಷ ಸುಳ್ಳು ಹೇಳೇವಿ ಬೇಟಿ, ನಾನೂ ನೀನೂ ಕೂಡೇ. ಅದು ನಂಬೇತಿ. ಇನ್ನ ಸರ್ಕಾರಕ್ಕ ಖರೇ ಹೇಳೂಣು. ಸಾವಿಗೆ ಸರ್ಕಾರಿ ಆಫೀಸಿನ್ಯಾಗ ಏನ್ ಕೆಲಸ ಐತಿ?"

ತಂಗಿ ಇನ್ನೊಂದು ತೆನೆ ಎಳೆದುಕೊಂಡಳು. ಅವಳು ಬರುತ್ತಾಳೋ ಇಲ್ಲವೋ ತಿಳಿಯದೆ ನಾನು ಬ್ಯಾಡಗಿಗೆ ಮರಳಿದೆ.

ವಿಚಾರಣೆಯ ದಿನ ರಜೆ ಹಾಕಿದೆ. ಯಾರೂ ಬರುವುದು ಬೇಡ ಎಂದು ಓಣಿಯಲ್ಲಿ ಮನೆಮನೆಗೆ ಹೇಳಿದ್ದೆ. ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲದ ಕಾಲ, ಕೇಳುತ್ತಾರೆಯೇ? ಬುತ್ತಿ ಕಟ್ಟಿಕೊಂಡು ಓಣಿಗೆ ಓಣಿಯೇ ಬಸ್ಸು ಹತ್ತಿತು. ಸಮಿತಿಯ ಕಟ್ಟಡದ ಹೊರಗೆ ಬೇವಿನ ನೆರಳಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರು. ಲಾಯರಮ್ಮ ಅವರನ್ನು ನೋಡಿ ಬಾಯಿಗೆ ಬೆರಳು ಇಟ್ಟು, "ಯಾರರ ಉಸರೆತ್ತಿದ್ರ ನೋಡ್ರಿ" ಎಂದಳು. ಸಾಕ್ಷಿಗೆಂದು ನಾನು ಕರೆತಂದಿದ್ದ, ಕಾಗಿನೆಲೆಯ ಕಡೆಯ ಒಬ್ಬ ಹೂವಿನ ವ್ಯಾಪಾರಿಯನ್ನು ಮಾತ್ರ ಒಳಗೆ ಕರೆದಳು. ಅಜ್ಜ ನನ್ನ ಬಸ್ಸಿನ ಕಾಯಂ ಗಿರಾಕಿ. ಬಿಳಿ ಮೀಸೆಯ ಮೇಲೆ, ಹೆಣ್ಣುಮಕ್ಕಳ ಹಾಗೆ ಮೂಗಿಗೆ ಚುಚ್ಚಿಸಿದ ತೂತು ಇನ್ನೂ ಕಾಣುತ್ತದೆ.

ಒಳಗೆ ಅಧ್ಯಕ್ಷೆಯ ಮುಂದೆ ಅಜ್ಜ ಆ ತೂತನ್ನು ಬೆರಳಿಟ್ಟು ತೋರಿಸಿದ. "ನನ್ನ ಒಂದು ಮೊರ ತೌಡಿಗೆ ಕೊಂಡಾರ್ರಿ ಮೇಡಂ. ಸಾವು ಗುರ್ತಾ ಹಿಡೀಬಾರ್ದಂತ ಮೂಗೂ ಚುಚ್ಚಿದ್ರು. ಈ ಹುಡುಗಿಗೆ ಜೋಳರ ಕೊಟ್ಟಾರ." ಅಧ್ಯಕ್ಷೆ ನಕ್ಕರು. ಮಧ್ಯವಯಸ್ಸಿನ ಹೆಂಗಸು, ಕನ್ನಡಕವನ್ನು ಹಣೆಗೇರಿಸಿಕೊಂಡು, "ಪದ್ಧತಿ ನನಗೂ ತಿಳೀತ್ರಿ. ಆದ್ರ ಪದ್ಧತಿ ಹೆಸರಿನ್ಯಾಗ ಯಾರೂ ಖರೇನs ಮಾರಿಲ್ಲಂತ ನಾ ತಿಳ್ಕೋಬೇಕಲ್ಲ? ಹಡೆದಾಕಿ ಎಲ್ಲಿದ್ದಾಳ?" ಎಂದು ಕೇಳಿದರು.

ನಾನು ಬಾಗಿಲ ಕಡೆ ನೋಡಿದೆ. ತಂಗಿ ಬಂದಿದ್ದಳು. ಅವಳ ಗಂಡ ಒಂದು ಕಡೆ, ಖಾಲಾ ಒಂದು ಕಡೆ. ಬೇವಿನ ನೆರಳಿನ ನಮ್ಮ ಓಣಿಯವರು ಅವಳಿಗೆ ದಾರಿ ಬಿಟ್ಟು ಎದ್ದು ನಿಂತಿದ್ದರು. ಜೀವಮಾನದಲ್ಲಿ ಮೊದಲ ಸಲ ಅವರಲ್ಲಿ ಒಬ್ಬಳೂ ಏನೂ ಮಾತಾಡಲಿಲ್ಲ.

ತಂಗಿ ಕುರ್ಚಿಯ ತುದಿಯಲ್ಲಿ ಕೂತಳು. ಅಧ್ಯಕ್ಷೆ ಅವಸರ ಮಾಡಲಿಲ್ಲ, ನೀರು ತರಿಸಿಕೊಟ್ಟರು. ಕೊನೆಗೆ ತಂಗಿ, "ಬಾಗಲಾ ಹಾಕಸ್ರಿ ಮೇಡಂ. ಕಿಟಕೀನೂ" ಎಂದಳು. ಯಾರು ಕೇಳಬಾರದು ಎಂದು ಅವರು ಕೇಳಲಿಲ್ಲ. ತಾವೇ ಎದ್ದು ಕಿಟಕಿ ಮುಚ್ಚಿ ಚಿಲಕ ಹಾಕಿದರು. ನಾನು ಎಷ್ಟೋ ಕಚೇರಿ ಅಲೆದಿದ್ದೇನೆ. ಅಷ್ಟು ದೊಡ್ಡ ಕೆಲಸವನ್ನು ಅಷ್ಟು ಸುಮ್ಮನೆ ಮಾಡಿದ ಅಧಿಕಾರಿಯನ್ನು ಬೇರೆಲ್ಲೂ ಕಂಡಿಲ್ಲ.

"ಹಡೆದಾಕಿ ನಾನು" ಎಂದಳು ತಂಗಿ. ದನಿ ಪಿಸುಮಾತಿಗಿಂತ ತುಸು ಮೇಲೆ. "ನನ್ನ ಮಗಳು. ಬೆಲಿಗೆ ಕೊಟ್ಟಿಲ್ರಿ. ಉಳೀಲಿ ಅಂತ ಕೊಟ್ಟೇನಿ. ಈಗ ಅಕಿಗೆ ನಮ್ಮಕ್ಕನs ಅವ್ವ."

ಹುಡುಗಿ ಪಕ್ಕದ ಕೋಣೆಯಲ್ಲಿದ್ದಳು, ನಡುವಿನ ಬಾಗಿಲಿಗೆ ಬಟ್ಟೆಯ ಪರದೆ ಮಾತ್ರ. ಅದನ್ನು ಮುಚ್ಚಲು ಯಾರಿಗೂ ನೆನಪಾಗಿರಲಿಲ್ಲ. ಪರದೆಯಾಚೆ ಅವಳು ಜೋರಾಗಿ ಅಳುವುದು ಕೇಳಿಸಿತು. ನಾನು ಎದ್ದೆ. ತಂಗಿ ನನಗಿಂತ ಮೊದಲು ಎದ್ದು ಹೋಗಿದ್ದಳು.

ಹುಡುಗಿಯನ್ನು ಅಂದೇ ನಮ್ಮ ಜೊತೆ ಕಳಿಸಿದರು. ಖಾಲಾಳ ಜೋಳದ ಚೀಲವನ್ನು ಮರಳಿ ಕೊಟ್ಟು ರಶೀದಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ದತ್ತಕ ಪತ್ರದ ನೋಂದಣಿಯೂ ಆಯಿತು. ಕೆಲವು ತಿಂಗಳು ನಮ್ಮ ಓಣಿಯ ಅಂಗನವಾಡಿ ಟೀಚರ್ ಬಂದು ಹುಡುಗಿ ಹೇಗಿದ್ದಾಳೆ ಎಂದು ನೋಡಿ ಹೋಗಬೇಕೆಂದು ಆದೇಶವಾಗಿತ್ತು. ಆಕೆ ಮೊದಲೂ ದಿನಾ ಬರುತ್ತಿದ್ದಳು, ಈಗ ಸರ್ಕಾರದ ಕೆಲಸ ಎಂದು ಚಹಾಕ್ಕೆ ಹಕ್ಕಿನಿಂದ ಕೂಡುತ್ತಾಳೆ. ಕಾನೂನು ಕಿವಿ ಮಂದ ಇರುವ ಮುದುಕಿ, ಓಣಿ ಎಂಬುದು ಬಾಯಿಬಡುಕಿ. ಇಬ್ಬರ ನಡುವೆ ಸಿಕ್ಕು ನಾನು ಅರ್ಧ ಸತ್ತಿದ್ದೆ. ಆದರೆ ಒಬ್ಬಳು ಪಟ್ಟು ಹಿಡಿದು ಕೇಳದಿದ್ದರೆ, ಇನ್ನೊಬ್ಬಳು ಖಾಲಾಳಾಗಿ ತೋಳು ಹಿಡಿದು ಕರೆತರದಿದ್ದರೆ ನನ್ನ ತಂಗಿ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸಾಯುತ್ತಿದ್ದಳು. ಇದನ್ನು ಒಪ್ಪಿಕೊಳ್ಳಲು ನನಗೆ ಮೈಯೆಲ್ಲ ಉರಿಯುತ್ತದೆ, ಆದರೂ ಒಪ್ಪಿಕೊಳ್ಳುತ್ತೇನೆ.

ಹುಡುಗಿ ಮನೆಗೆ ಬಂದ ಮರುದಿನ ಬೆಳಕು ಹರಿಯುವ ಹೊತ್ತಿಗೆ, ನಾನು ಡ್ಯೂಟಿಗೆ ಹೊರಡಲು ಸೀರೆ ನೆರಿಗೆ ಹಿಡಿಯುತ್ತಿದ್ದಾಗ ಫೋನು ಬಂತು. ತಂಗಿ. "ಎದ್ದಾಳೇನು?"

"ಇಲ್ಲ, ಮಲಗ್ಯಾಳ. ಯಾಕ?"

"ಏನಿಲ್ಲ." ಆಮೇಲೆ ತಡೆದು, "ನಾ ನಿನ್ನೆ ಆ ಮಾತ ಅಂದ್ನಲ್ಲ. ಅದಕ್ಕ."

ನನಗೆ ಸಿಟ್ಟು ನೆತ್ತಿಗೇರಿತು. ಕೋರ್ಟು ಕಚೇರಿ ತಿರುಗಿ, ಮಾನ ಕಳೆದುಕೊಂಡು ಹುಡುಗಿಯನ್ನು ಮನೆಗೆ ತಂದಿದ್ದೇನೆ, ಬೆಳಗಾಗೆದ್ದು ಅಪಶಕುನ ನುಡಿಯುತ್ತೀಯಾ, ಇಂಥ ಹುಚ್ಚು ಮಾತು ಇನ್ನೊಮ್ಮೆ ಬಾಯಲ್ಲಿ ಬಂದರೆ ಕುಪ್ಪೇಲೂರಿಗೆ ಬಂದು ಒದೆಯುತ್ತೇನೆ ಎಂದು ಬೈದೆ. ಅವಳು ಎಲ್ಲ ಕೇಳಿಸಿಕೊಂಡು ಫೋನಿಟ್ಟಳು. ನಾನು ನೆರಿಗೆಯನ್ನು ಅರ್ಧಕ್ಕೇ ಬಿಟ್ಟು ಒಳಕೋಣೆಗೆ ಹೋದೆ. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮೆಲ್ಲಗೆ ಬಾಗಿ ಅವಳ ಮೂಗಿನ ಹತ್ತಿರ ಬೆರಳು ಹಿಡಿದೆ. ಬಿಸಿಯುಸಿರು ತಾಗುವವರೆಗೂ ನಾನೂ ಉಸಿರು ಬಿಡಲಿಲ್ಲ.